ನೆಂಟರು ಬರುವವರಿದ್ದಾರೆ

2007ರ ಬೇಸಿಗೆಯಲ್ಲಿ ನಾವು ಗಂಡ ಹೆಂಡತಿ ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. 2006ರ ಅಕ್ಟೋಬರಿನ ಕೋಮುಗಲಭೆ ಮುಗಿದು ಆರೇಳು ತಿಂಗಳಾಗಿತ್ತಷ್ಟೆ. ಕಂಕುಳಲ್ಲಿ ಎರಡು ವರ್ಷದ ಮಗಳು, ಕೈಯಲ್ಲಿ ದಲ್ಲಾಳಿ ಬರೆದುಕೊಟ್ಟ ವಿಳಾಸಗಳ ಚೀಟಿ. ಒಟ್ಟು ಏಳು ಮನೆ ನೋಡಿದೆವು. ಏಳೂ ಕಡೆ ನಮಗೆ ಸಿಕ್ಕಿದ ಮರ್ಯಾದೆಯ ಬಗ್ಗೆ ದೂರು ಹೇಳುವಂತಿಲ್ಲ. ಒಳಗೆ ಕರೆದರು, ಫ್ಯಾನು ಹಾಕಿದರು, ಒಂದು ಮನೆಯಲ್ಲಿ ಬೆಲ್ಲ ನೀರು, ಇನ್ನೊಂದರಲ್ಲಿ ಚಹಾ ಕೊಟ್ಟರು. ಮಗಳ ಕೆನ್ನೆ ಸವರಿ ಹೆಸರು ಕೇಳಿದರು. ಹೆಸರು ಹೇಳಿದ ಮೇಲೆ ಮಾತಿನ ದಾರಿ ಸ್ವಲ್ಪ ತಿರುಗುತ್ತಿತ್ತು. ಮನೆಗೆ ಬಣ್ಣ ಹೊಡೆಸುವುದಿದೆ, ಮಗನಿಗೆ ವರ್ಗವಾಗುವ ಸಂಭವವಿದೆ, ನಿನ್ನೆಯಷ್ಟೇ ಒಬ್ಬರಿಗೆ ಮಾತು ಕೊಟ್ಟಾಗಿದೆ. ನಾಲ್ಕನೆಯ ಮನೆಯ ಹಿರಿಯರು ಮಾತ್ರ ಬಹಳ ಸಂಕೋಚದಿಂದ ಹೇಳಿದರು: 'ಊರಿಂದ ನೆಂಟರು ಬರುವವರಿದ್ದಾರೆ. ಅವರಿಗೇ ಬೇಕಾಗಬಹುದು.' ಆ ಮನೆಯ ಗೇಟಿಗೆ 'ಬಾಡಿಗೆಗೆ ಇದೆ' ಎಂಬ ಹಲಗೆ ಇನ್ನೂ ಎರಡು ತಿಂಗಳು ತೂಗುತ್ತಲೇ ಇತ್ತು. ಬಸ್ಸಿನಲ್ಲಿ ಹೋಗುವಾಗೆಲ್ಲ ನಾವದನ್ನು ನೋಡುತ್ತಿದ್ದೆವು.

ಎಂಟನೆಯ ಮನೆ ನಮಗೆ ಸಿಕ್ಕಿತು. ಸಿಕ್ಕಿದ್ದು ನಮ್ಮ ದೂರದ ಸಂಬಂಧಿಯೊಬ್ಬರ ಮೂಲಕ, ನಮ್ಮವರೇ ಹೆಚ್ಚಾಗಿರುವ ಕೇರಿಯಲ್ಲಿ. ಏಳು ಮನೆಗಳ ಕಥೆ ಅಲ್ಲಿಂದ ನಮ್ಮ ಆಸ್ತಿಯಾಯಿತು. ಮುಂದಿನ ಹದಿನೈದು ವರ್ಷ ಅದನ್ನು ನಾವು ಎಷ್ಟು ಕಡೆ ಹೇಳಿದೆವೋ ಲೆಕ್ಕವಿಲ್ಲ. ಸೌಹಾರ್ದ ಸಭೆಗಳಲ್ಲಿ ಹೇಳಿದೆವು, ಗೆಳೆಯರ ಮನೆಯ ಊಟದಲ್ಲಿ ಹೇಳಿದೆವು, ಒಮ್ಮೆ ವಿದ್ಯಾರ್ಥಿಗಳ ಶಿಬಿರದಲ್ಲೂ ಹೇಳಿದೆವು. ಕೇಳಿದವರ ಮುಖದಲ್ಲಿ ಕಾಣುವ ಲಜ್ಜೆ ನಮಗೆ ಒಂದು ಬಗೆಯ ಸಮಾಧಾನ ಕೊಡುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ತಾರತಮ್ಯ ಎಂದರೇನು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ, ಹಾಗಾಗಿ ಅದನ್ನು ಅನುಭವಿಸುವ ಎಲ್ಲರ ಮಾತೂ ನಮಗೆ ಅರ್ಥವಾಗುತ್ತದೆ ಎಂದು ನಾವು ನಂಬಿದ್ದೆವು. ಈ ಬರಹ ಆ ನಂಬಿಕೆ ಮುರಿದುಬಿದ್ದ ಬಗ್ಗೆ.

2021ರ ಡಿಸೆಂಬರ್ ಮತ್ತು 2022ರ ಜನವರಿಯನ್ನು ಕರಾವಳಿಯ ಮುಸ್ಲಿಮರು ಸುಲಭವಾಗಿ ಮರೆಯುವಂತಿಲ್ಲ. ಉಡುಪಿಯ ಸರಕಾರಿ ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ತರಗತಿಯ ಹೊರಗೆ ನಿಲ್ಲಿಸಿದ ಸುದ್ದಿ ಆ ದಿನಗಳಲ್ಲಿ ಶುರುವಾಯಿತು. ಫೆಬ್ರವರಿ 5ರಂದು ಸರಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. ಕಂಕುಳಲ್ಲಿದ್ದ ನಮ್ಮ ಮಗಳು ಆಗ ಪಿಯುಸಿಗೆ ಬಂದಿದ್ದಳು. ಒಂದು ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಸ್ಕಾರ್ಫ್ ತೆಗೆದು ಚೀಲದಲ್ಲಿಟ್ಟು ಒಳಗೆ ಹೋದಳು. ಮನೆಗೆ ಬಂದು ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ.

ಆ ದಿನಗಳಲ್ಲಿ ನಮ್ಮ ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದಿದ್ದರು. ಒಳ್ಳೆಯ ಮನಸ್ಸಿನವರು. ಮಗಳ ತಲೆ ನೇವರಿಸಿ, 'ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ ಮಗಾ. ನಾನೂ ಮಡಿ ಮೈಲಿಗೆಯ ಮನೆಯಿಂದ ಹೊರಬರಲು ತುಂಬಾ ಒದ್ದಾಡಿದವಳು' ಎಂದರು. ಅವರು ಹೋದ ಮೇಲೆ ಮಗಳು ನಕ್ಕಳು. ಎರಡು ದಿನಗಳ ನಂತರದ ಮೊದಲ ನಗು ಅದು. 'ಅವರು ಮನೆಯಿಂದ ಹೊರಗೆ ಬರಲು ಒದ್ದಾಡಿದರಂತೆ. ನನ್ನನ್ನು ಮನೆಯಲ್ಲಿ ಯಾರು ಹಿಡಿದಿಟ್ಟಿದ್ದಾರೆ? ನಾನು ಒದ್ದಾಡುತ್ತಿರುವುದು ಕಾಲೇಜಿನ ಒಳಗೆ ಹೋಗಲು' ಎಂದಳು. ಬಂದವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಅವರು ನಮ್ಮ ಮಗಳ ನೋವನ್ನು ನೋಡಲು ಬಂದು ತಮ್ಮದೇ ನೋವನ್ನು ನೋಡಿಕೊಂಡು ಹೋಗಿದ್ದರು. ಇದನ್ನು ನಾವು ಎಷ್ಟು ಚುರುಕಾಗಿ ಗುರುತಿಸಿದೆವು! ನಮ್ಮ ಕಣ್ಣು ಅಷ್ಟು ಸೂಕ್ಷ್ಮವೆಂದು ನಮಗೆ ಹೆಮ್ಮೆಯೂ ಆಯಿತು.

ಈಗ ಅದೇ ದಿನಗಳ ಎರಡು ಮದುವೆಗಳ ವಿಷಯಕ್ಕೆ ಬರೋಣ.

ಮೊದಲನೆಯದು ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿ. 2021ರ ಡಿಸೆಂಬರ್ 27ರ ರಾತ್ರಿ ಅಲ್ಲಿ ಕೊರಗ ಸಮುದಾಯದ ಒಂದು ಮನೆಯಲ್ಲಿ ಮೆಹಂದಿ ಕಾರ್ಯಕ್ರಮ ನಡೆಯುತ್ತಿತ್ತು. ಡಿಜೆ ಸದ್ದು ಹೆಚ್ಚಾಯಿತೆಂದು ಬಂದ ಪೊಲೀಸರು ಲಾಠಿ ಬೀಸಿದರು. ಮದುಮಗನಿಗೂ ಏಟು ಬಿತ್ತು. ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ಅದರ ಬೆನ್ನಿಗೇ ಏಟು ತಿಂದವರ ಮೇಲೂ ಪೊಲೀಸರ ಕರ್ತವ್ಯಕ್ಕೆ ಅಡ್ಡಿಪಡಿಸಿದರೆಂಬ ಪ್ರಕರಣ ದಾಖಲಾಯಿತು. ಪ್ರತಿಭಟನೆ ನಡೆದು, ಕೊನೆಗೆ ತನಿಖೆ ಸಿಐಡಿಗೆ ಹೋಯಿತು.

ಎರಡನೆಯದು ಅದಾಗಿ ಹತ್ತು ಹನ್ನೊಂದು ದಿನಗಳಲ್ಲಿ, ದಕ್ಷಿಣ ಕನ್ನಡದ ವಿಟ್ಲದ ಸಮೀಪ, ನಮ್ಮವರದೇ ಒಂದು ಮದುವೆ ಮನೆಯಲ್ಲಿ. ರಾತ್ರಿ ಮದುಮಗಳ ಮನೆಗೆ ಬಂದ ವರ ಮುಖಕ್ಕೆ ಕಪ್ಪು ಬಳಿದುಕೊಂಡು, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡು, ಕೊರಗಜ್ಜನನ್ನು ಹೋಲುವ ವೇಷದಲ್ಲಿ ಗೆಳೆಯರೊಡನೆ ಕುಣಿದು ಬಂದ. ಮದುವೆ ರಾತ್ರಿ ವರನ ಗೆಳೆಯರು ನಡೆಸುವ ಚೇಷ್ಟೆಗಳು ನಮ್ಮಲ್ಲಿ ಹೊಸತಲ್ಲ. ಅವುಗಳ ವಿರುದ್ಧ ಮಸೀದಿಗಳಲ್ಲಿ ಉಪದೇಶಗಳಾಗಿವೆ, ನಿಂತಿಲ್ಲ. ಈ ಬಾರಿ ವೀಡಿಯೊ ಊರೆಲ್ಲ ಹರಡಿತು. ಪ್ರಕರಣ ದಾಖಲಾಯಿತು. ವರ ಕ್ಷಮೆ ಕೇಳಿದ.

ನಮ್ಮವರಲ್ಲೂ ಅನೇಕರು ಅದನ್ನು ಖಂಡಿಸಿದರು. ನಾವೂ ಖಂಡಿಸಿದೆವು. ಏನೆಂದು ಖಂಡಿಸಿದೆವು ಎಂಬುದು ನಮ್ಮ ಮೊಬೈಲಿನಲ್ಲಿ ಇಂದಿಗೂ ಇದೆ. 'ಈ ಹೊತ್ತಿನಲ್ಲಿ ಇಂಥದ್ದು ಬೇಕಿತ್ತೇ? ಬೆಂಕಿಗೆ ತುಪ್ಪ ಸುರಿಯುವವರು ಕಾದು ಕುಳಿತಿರುವಾಗ ಇನ್ನೊಂದು ಧರ್ಮದವರ ನಂಬಿಕೆಗೆ ನೋವು ಮಾಡುವುದು ಮೂರ್ಖತನ.' ಕುಟುಂಬದ ಗುಂಪಿಗೆ ನಾವು ಕಳಿಸಿದ ಸಂದೇಶ ಇಷ್ಟೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ 'ಕೊರಗ' ಎಂಬ ಪದವೇ ಇಲ್ಲ. ನಮಗೆ ಹೆದರಿಕೆಯಿದ್ದದ್ದು ದೊಡ್ಡ ಸಮುದಾಯದ ಸಿಟ್ಟಿನ ಬಗ್ಗೆ. ಆ ಕಪ್ಪು ಬಣ್ಣ, ಆ ಹಾಳೆ ಟೊಪ್ಪಿ ಯಾರನ್ನು ಅಣಕಿಸುತ್ತಿತ್ತೋ ಅವರು ನಮ್ಮ ಲೆಕ್ಕದಲ್ಲೇ ಬರಲಿಲ್ಲ. ಬೀದಿಗಿಳಿದು ಕೂಗಿದವರಲ್ಲೂ ಹೆಚ್ಚಿನವರದು ದೈವಕ್ಕೆ ಅವಮಾನವಾಯಿತೆಂಬ ಕೂಗು. ಹತ್ತು ದಿನಗಳ ಹಿಂದೆ ಅದೇ ದೈವದ ಕುಲದವರ ಮದುವೆ ಮನೆಯಲ್ಲಿ ಲಾಠಿ ಬಿದ್ದಾಗ ಅಷ್ಟು ದೊಡ್ಡ ಕೂಗು ಎದ್ದಿರಲಿಲ್ಲ. ನಾವಂತೂ ಕೋಟದ ಸುದ್ದಿಯನ್ನು ಓದಿ, 'ಛೆ' ಎಂದು, ಪುಟ ಮಗುಚಿದ್ದೆವು.

ಕೊರಗರ ಬಗ್ಗೆ ಕರಾವಳಿಯ ಹೊರಗಿನ ಓದುಗರಿಗೆ ಎರಡು ಮಾತು ಹೇಳಬೇಕು. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಲಾದವು ಎರಡೇ: ಜೇನುಕುರುಬರು ಮತ್ತು ಕೊರಗರು. 2011ರ ಜನಗಣತಿಯಲ್ಲಿ ರಾಜ್ಯದ ಕೊರಗರ ಸಂಖ್ಯೆ ಸುಮಾರು 15,000. ಹೆಚ್ಚಿನವರು ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿದ್ದಾರೆ, ಸ್ವಲ್ಪ ಮಂದಿ ಕಾಸರಗೋಡಿನಲ್ಲಿದ್ದಾರೆ. ಅವರಿಗೆ ತಮ್ಮದೇ ಭಾಷೆಯಿದೆ. ಕಾಡಿನ ಬೀಳು, ಬಿದಿರಿನಿಂದ ಬುಟ್ಟಿ ಹೆಣೆಯುವುದು ಅವರ ಕುಲಕಸುಬು. ಊರಿನ ಕೊಳೆ ತೆಗೆಯುವ ಕೆಲಸವನ್ನು ಊರು ಅವರ ತಲೆಗೆ ಕಟ್ಟಿತು. ಕರಾವಳಿಯ ಪಟ್ಟಣಗಳ ಪೌರಕಾರ್ಮಿಕರಲ್ಲಿ ಅವರ ಮಂದಿ ಇಂದಿಗೂ ಇದ್ದಾರೆ. ಅವರ ಮೇಲೆ 'ಅಜಲು' ಎಂಬ ಪದ್ಧತಿಯಿತ್ತು. ಉಳ್ಳವರ ಮನೆಯ ರೋಗ ಮತ್ತು ಅನಿಷ್ಟ ದಾಟಿಹೋಗಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಅವರನ್ನು ಗದ್ದೆಯಲ್ಲಿ ಓಡಿಸುವುದು, ಕೂಲಿ ಕೊಡದೆ ಡೋಲು ಬಾರಿಸಲು ಕರೆಯುವುದು ಎಲ್ಲ ಅದರಲ್ಲಿ ಸೇರಿತ್ತು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಹಬ್ಬದ ದಿನಗಳಲ್ಲಿ ಬೇರೆಯವರು ಮೈಗೆ ಮಸಿ ಬಳಿದುಕೊಂಡು 'ಕೊರಗ ವೇಷ' ಹಾಕಿ ಕುಣಿಯುವ ರೂಢಿಯೂ ಇಲ್ಲಿತ್ತು. ಬಾಲ್ಯದಲ್ಲಿ ನಾವು ಅದನ್ನು ನೋಡಿ ನಕ್ಕಿದ್ದೇವೆ. ವಿಟ್ಲದ ಆ ಹುಡುಗ ತನ್ನ ಚೇಷ್ಟೆಯನ್ನು ಆಕಾಶದಿಂದ ಇಳಿಸಲಿಲ್ಲ. ಊರು ಕಲಿಸಿದ ನಗುವನ್ನೇ ನಕ್ಕ. ಇನ್ನೊಬ್ಬರ ಕಂಬಳಕ್ಕೆ, ಜಾತ್ರೆಗೆ ಡೋಲು ಬಾರಿಸಬೇಕಾಗಿದ್ದವರು ತಮ್ಮ ಮದುವೆಗೆ ತಾವೇ ಹಾಡು ಹಾಕಿಕೊಂಡಾಗ ಅದು ಗದ್ದಲವಾಯಿತು ಎಂಬುದನ್ನೂ ಇಲ್ಲೇ ನೆನಪಿಸಬೇಕು.

ಕೊರಗಜ್ಜನ ಪಾಡ್ದನದ ಕಥೆಯಲ್ಲಿ, ಹೊರೆ ಹೊತ್ತು ದೇವಸ್ಥಾನದ ತನಕ ಹೋದ ಕೊರಗ ಹುಡುಗನಿಗೆ ಒಳಗೆ ಪ್ರವೇಶವಿರುವುದಿಲ್ಲ. ಹೊರಗೇ ಮಾಯವಾಗಿ ದೈವವಾಗುತ್ತಾನೆ. ಇಂದು ಕಳೆದುಹೋದ ವಸ್ತು ಸಿಗಲೆಂದು ಎಲ್ಲ ಜಾತಿಯವರೂ, ಬೇರೆ ಧರ್ಮದವರೂ ಅವನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳುತ್ತಾರೆ. ದೈವವಾದ ಕೊರಗನಿಗೆ ಕೈ ಮುಗಿಯುವುದು ಸುಲಭ. ಗೇಟಿನ ಬಳಿ ನಿಂತ ಕೊರಗನೊಡನೆ ಹೇಗಿರಬೇಕು ಎಂಬುದೇ ಕಷ್ಟದ ಪ್ರಶ್ನೆ.

ಕನ್ನಡದಲ್ಲಿ ಮುಸ್ಲಿಮರ ಮನೆಯ ಒಳಗಿನ ಬದುಕನ್ನು ನಮ್ಮವರೇ ಬರೆಯುವ ಮುಂಚೆ, ಕಥೆಗಳಲ್ಲಿ ಬರುವ ಸಾಬರು ಹೆಚ್ಚಾಗಿ ಒಂದೋ ಅತಿ ಒಳ್ಳೆಯವರು, ಇಲ್ಲವೇ ಅತಿ ಕೆಟ್ಟವರು. ಸಾರಾ ಅಬೂಬಕ್ಕರ್, ಬೊಳುವಾರು, ಕಟ್ಪಾಡಿ ಬರೆದ ಮೇಲೆ ನಾವು ಮನುಷ್ಯರಾದೆವು. ನಮ್ಮ ಬಗ್ಗೆ ಬರೆಯುವುದಕ್ಕೂ ನಾವೇ ಬರೆಯುವುದಕ್ಕೂ ಇರುವ ಅಂತರವನ್ನು ನಮ್ಮಷ್ಟು ಚೆನ್ನಾಗಿ ಬಲ್ಲವರು ಯಾರು? ಆ ದಿನಗಳಲ್ಲೂ ನಾವಿಬ್ಬರೂ ಇದನ್ನೇ ಮಾತಾಡಿಕೊಂಡೆವು. ಕೊರಗರು ತಮ್ಮ ಬಗ್ಗೆ ಏನು ಹೇಳುತ್ತಿದ್ದಾರೆ ಎಂದು ಒಮ್ಮೆಯೂ ಕಿವಿಗೊಟ್ಟಿರಲಿಲ್ಲವೆಂಬುದು ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಆ ವರ್ಷದ ಮಾರ್ಚಿನಲ್ಲಿ. ದೇವಸ್ಥಾನದ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಕೂಗು ಎದ್ದಿದ್ದ ತಿಂಗಳು. ಕೆಲವು ಗೆಳೆಯರು ಸೇರಿ ಒಂದು ಚಿಕ್ಕ ಸಭೆ ಕರೆದಿದ್ದರು. ಮೂವತ್ತು ನಲ್ವತ್ತು ಮಂದಿ, ಪ್ಲಾಸ್ಟಿಕ್ ಕುರ್ಚಿಗಳು, ಕೆಟ್ಟ ಮೈಕು. ಕೊರಗ ಸಮುದಾಯದ ಕೆಲವು ಯುವಕ ಯುವತಿಯರೂ ಬಂದಿದ್ದರು. ನಮ್ಮ ಸರದಿ ಬಂದಾಗ ನಾವು ಏಳು ಮನೆಗಳ ಕಥೆ ಹೇಳಿದೆವು. ಬೆಲ್ಲ ನೀರನ್ನೂ ಬಿಡಲಿಲ್ಲ, ತೂಗುವ ಹಲಗೆಯನ್ನೂ ಬಿಡಲಿಲ್ಲ. ಕೊನೆಗೆ ಆ ಯುವಕರ ಕಡೆಗೆ ತಿರುಗಿ, 'ನಿಮ್ಮ ನೋವು ನಮಗೆ ಅರ್ಥವಾಗುತ್ತದೆ. ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ' ಎಂದು ಮುಗಿಸಿದೆವು. ಚಪ್ಪಾಳೆಯೂ ಬಿತ್ತು.

ಆಮೇಲೆ ಚಹಾ ಕುಡಿಯುವಾಗ ಅವರಲ್ಲೊಬ್ಬ ಹುಡುಗಿ ನಮ್ಮ ಹತ್ತಿರ ಬಂದಳು. ಪದವಿ ಓದುತ್ತಿದ್ದವಳು. ಸಿಟ್ಟಿನ ಸುಳಿವಿಲ್ಲದೆ, ಏನೋ ಲೆಕ್ಕ ಸರಿಮಾಡುವವಳ ಹಾಗೆ ಹೇಳಿದಳು: 'ನಿಮಗೆ ಮನೆ ಕೊಡದೆ ಇದ್ದವರು ಒಳಗೆ ಕೂರಿಸಿ ಚಹಾ ಕೊಟ್ರು ಅಂದ್ರಲ್ಲ. ನಮ್ಮ ಅಮ್ಮನಿಗೆಲ್ಲ ಮನೆ ಇಲ್ಲ ಅಂತ ಹೇಳಿಸಿಕೊಳ್ಳಲಿಕ್ಕೂ ಗೇಟಿನ ಒಳಗೆ ಹೋಗ್ಲಿಕ್ಕಿಲ್ಲ. ಕೇಳುವುದೇ ಇಲ್ಲ ಅವರು. ಕೇಳ್ಬಹುದು ಅಂತಲೇ ಗೊತ್ತಿಲ್ಲ.' ಒಂದು ಗುಟುಕು ಚಹಾ ಕುಡಿದು ಸೇರಿಸಿದಳು: 'ನಿಮ್ಮದು ಸುಳ್ಳು ಅಂತ ಅಲ್ಲ. ಬೇರೆ ಅಂತ.'

ಏನಾದರೂ ಉತ್ತರ ಕೊಟ್ಟೆವೇ? 'ಹೌದು, ಹೌದು' ಎಂದೆವು. ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮಾತನಾಡಲಿಲ್ಲ. ಯಾಕೆಂದರೆ ಇಬ್ಬರಿಗೂ ಒಂದೇ ಸಂಗತಿ ನೆನಪಾಗಿತ್ತು. ಗೇಟಿನ ಹೊರಗೆ ನಿಂತು ಒಬ್ಬರು ನಮ್ಮನ್ನು ಕೇಳಿದ್ದರು. ಕೇಳುವ ಧೈರ್ಯ ಮಾಡಿದ್ದರು.

2011ರಲ್ಲಿ ನಾವು ಸಾಲ ಮಾಡಿ ಸ್ವಂತ ಮನೆ ಕಟ್ಟಿಸಿದೆವು. ಹಿಂದುಗಡೆ ಒಂದು ಕೋಣೆ, ಬಚ್ಚಲು. ಬಾಡಿಗೆ ಬಂದರೆ ಸಾಲದ ಕಂತಿಗೆ ಆಸರೆಯೆಂದು ಕಟ್ಟಿದ್ದು. ನಮ್ಮ ಬೀದಿಯನ್ನು ವರ್ಷಗಳಿಂದ ಗುಡಿಸುತ್ತಿದ್ದವರು ಒಬ್ಬ ಕೊರಗ ಹೆಂಗಸು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯಲು ಅವರ ಒಪ್ಪಿಗೆ ಕೇಳಿಲ್ಲ. ಬೆಳಿಗ್ಗೆ ಆರೂವರೆಗೆ ಪೊರಕೆಯ ಸದ್ದು ಕೇಳಿದರೆ ನಮ್ಮ ದಿನ ಶುರು. ಪೆರ್ನಾಲಿನ ದಿನ ಬಿರಿಯಾನಿ ಕಟ್ಟಿ ಕೊಡುತ್ತಿದ್ದೆವು, ಹಳೆಯ ಬಟ್ಟೆ ಕೊಡುತ್ತಿದ್ದೆವು. ನಮ್ಮ ಲೆಕ್ಕದಲ್ಲಿ ನಾವು ಅವರಿಗೆ ಬೇಕಾದವರು. 2014ರಲ್ಲಿ ಒಂದು ಬೆಳಿಗ್ಗೆ ಗೇಟಿನ ಹೊರಗೆ ನಿಂತು, ಪೊರಕೆಯನ್ನು ಗೋಡೆಗೊರಗಿಸಿ, ಬಹಳ ಹೊತ್ತು ಬೇರೇನೋ ಮಾತಾಡಿ, ಕೊನೆಗೆ ಕೇಳಿದರು. ಮಗನಿಗೆ ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಊರಿನಿಂದ ಬಸ್ಸಿನಲ್ಲಿ ಬಂದುಹೋಗಲು ಕಷ್ಟ, ಹಿಂದಿನ ಕೋಣೆ ಖಾಲಿಯಿದ್ದರೆ ಬಾಡಿಗೆಗೆ ಕೊಡಬಹುದೇ, ಬಾಡಿಗೆ ತಿಂಗಳು ತಿಂಗಳು ಸರಿಯಾಗಿ ಕೊಡುತ್ತೇನೆ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ, ಬಹಳ ಸಂಕೋಚದಿಂದ, ಹೇಳಿದೆವು: 'ಊರಿಂದ ನೆಂಟರು ಬರುವವರಿದ್ದಾರೆ ಅಕ್ಕ. ಅವರಿಗೇ ಬೇಕಾಗಬಹುದು.'

ಯಾವ ನೆಂಟರೂ ಬರುವವರಿರಲಿಲ್ಲ. ಮುಂದಿನ ತಿಂಗಳು ಆ ಕೋಣೆಯನ್ನು ಬ್ಯಾಂಕಿನ ನೌಕರರೊಬ್ಬರಿಗೆ ಕೊಟ್ಟೆವು.

ಯಾಕೆ ಹಾಗೆ ಹೇಳಿದೆವು ಎಂದು ಈಗ ಕೇಳಿಕೊಂಡರೆ ಚೊಕ್ಕ ಉತ್ತರ ಸಿಗುವುದಿಲ್ಲ. 'ನಮ್ಮಲ್ಲಿ ಜಾತಿ ಇಲ್ಲ' ಎಂದು ಹೇಳುತ್ತಲೇ ಬೆಳೆದವರು ನಾವು. ಅಕ್ಕಪಕ್ಕದವರು ಏನೆನ್ನುತ್ತಾರೋ ಎಂಬುದಿತ್ತು, ಹುಡುಗ ಗೆಳೆಯರನ್ನು ಕರೆತಂದರೆ ಎಂಬುದಿತ್ತು. ಅದರ ಕೆಳಗೆ ಇನ್ನೇನೋ ಇತ್ತು, ಅದಕ್ಕೆ ನಮ್ಮ ಬಾಯಲ್ಲಿ ಹೆಸರಿರಲಿಲ್ಲ. ಅದಕ್ಕಿಂತ ಹೆಚ್ಚು ನಮ್ಮನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು. ಏಳು ವರ್ಷಗಳ ಹಿಂದೆ ನಮ್ಮ ಕಿವಿಗೆ ಸೀಸದಂತೆ ಬಿದ್ದಿದ್ದ ಅದೇ ಮಾತನ್ನು ಅಕ್ಷರ ಬಿಡದೆ ನಾವು ಹೇಳಿದ್ದೆವು, ಆದರೂ ಹೇಳುವಾಗ ಅದರ ಗುರುತು ನಮಗೆ ಸಿಕ್ಕಿರಲಿಲ್ಲ. ಮತ್ತೆ ಎಂಟು ವರ್ಷ, ಏಳು ಮನೆಗಳ ಕಥೆ ಹೇಳುತ್ತ ತಿರುಗಿದಾಗಲೂ ಸಿಕ್ಕಿರಲಿಲ್ಲ. ಆ ಮಾತನ್ನು ಕೇಳಿಸಿಕೊಂಡ ಕಿವಿ ನಮ್ಮ ನೆನಪಿನಲ್ಲಿತ್ತು. ಹೇಳಿದ ಬಾಯಿ ಇರಲಿಲ್ಲ.

ಗಾಯಗೊಂಡವನಿಗೆ ಇನ್ನೊಬ್ಬನ ಗಾಯ ತಾನಾಗಿಯೇ ಅರ್ಥವಾಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಮ್ಮ ಅನುಭವ ಹಾಗೆ ಹೇಳುವುದಿಲ್ಲ. ಎಷ್ಟೋ ಸಲ ನಮ್ಮ ಗಾಯವೇ ಅಡ್ಡ ಬರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡು ಊರಿನ ನೋವೆಲ್ಲ ಅಳೆಯುತ್ತೇವೆ. ಆ ಕೋಲಿಗೆ ಸಿಕ್ಕದ್ದು ನಮ್ಮ ಕಣ್ಣಿಗೂ ಬೀಳುವುದಿಲ್ಲ. ನಮಗೆ ಏಳು ಬಾಗಿಲು ಮುಚ್ಚಿದ್ದು ನಿಜ. ಎಂಟನೆಯದನ್ನು ತೆರೆಸಲು ನಮಗೊಬ್ಬ ಸಂಬಂಧಿಯಿದ್ದ, ಸಂಬಳವಿತ್ತು, ಪದವಿಯಿತ್ತು, ಆ ಅವಮಾನವನ್ನು ಕಥೆ ಮಾಡಿ ಹೇಳಲು ಮೈಕಿನ ಮುಂದೊಂದು ಜಾಗವಿತ್ತು. ಇವೆಲ್ಲ ಸವಲತ್ತು ಎಂದು ನಮಗೆ ಯಾವತ್ತೂ ಅನಿಸಿರಲಿಲ್ಲ. ಸವಲತ್ತು ಇರುವುದೇ ಹಾಗೆ. ಬೀದಿ ಗುಡಿಸುವವರಿಗೆ ನಮ್ಮ ಮನೆಯ ಸಂಗತಿಯೆಲ್ಲ ಗೊತ್ತು, ನಾವು ಯಾವಾಗ ಏಳುತ್ತೇವೆ, ಏನು ತಿನ್ನುತ್ತೇವೆ, ಯಾವ ಔಷಧಿಯ ಡಬ್ಬಿ ಎಸೆಯುತ್ತೇವೆ ಎಂಬುದೂ ಗೊತ್ತು. ಅವರ ಊರು ಯಾವುದೆಂದು ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಮ್ಮ ಯಾವ ಕೆಲಸವೂ ನಿಂತಿರಲಿಲ್ಲ.

ಸಭೆಯ ಮರುವಾರ ಊರಿಗೆ ಹೋದಾಗ ಉಮ್ಮನನ್ನು ಕೇಳಿದೆವು. ಬಾಲ್ಯದಲ್ಲಿ ಬುಟ್ಟಿ, ಗೆರಸೆ ಮಾರಲು ಕೊರಗ ಹೆಂಗಸರು ನಮ್ಮ ಮನೆಗೆ ಬರುತ್ತಿದ್ದರು. ಅಕ್ಕಿ ತೊಳೆಯುವ ಬುಟ್ಟಿ ಅವರದೇ ಆಗಬೇಕು ಉಮ್ಮನಿಗೆ. ಚೌಕಾಸಿ ಮಾಡದೆ ಕೊಳ್ಳುತ್ತಿದ್ದರು, ಉಣ್ಣದೆ ಕಳಿಸುತ್ತಿರಲಿಲ್ಲ. ಉಮ್ಮನ ಆ ಕೈಗುಣ ನಮ್ಮ ಕುಟುಂಬದ ಹೆಮ್ಮೆಯ ಕಥೆಗಳಲ್ಲೊಂದು. 'ಅವರು ಎಲ್ಲಿ ಕೂತು ಉಣ್ಣುತ್ತಿದ್ದರು?' ಎಂದು ಕೇಳಿದೆವು. ಉಮ್ಮ ಸ್ವಲ್ಪ ಹೊತ್ತು ಯೋಚಿಸಿದರು. 'ಅಂಗಳದಾಚೆ, ಹಲಸಿನ ಮರದ ಬುಡದಲ್ಲಿ. ಅವರೇ ಅಲ್ಲಿ ಕೂರುತ್ತಿದ್ದರು. ಹೊರಗೆ ಕೂರು ಎಂದು ನಾನು ಯಾವತ್ತೂ ಹೇಳಿದವಳಲ್ಲ' ಎಂದರು. ಮತ್ತೆ ಬಹಳ ಹೊತ್ತಾದ ಮೇಲೆ, ನಾವು ಬೇರೆ ಮಾತಿಗೆ ಹೋಗಿದ್ದಾಗ, ತಾವಾಗಿಯೇ ಹೇಳಿದರು: 'ಒಳಗೆ ಬಾ ಎಂದೂ ಹೇಳಿದವಳಲ್ಲ.' ಎಂಬತ್ತು ದಾಟಿದ ಉಮ್ಮ ಒಂದು ಗಂಟೆಯಲ್ಲಿ ತಲುಪಿದ ಜಾಗಕ್ಕೆ ಬರಲು ನಮಗೆ ಎಂಟು ವರ್ಷ ಹಿಡಿದಿತ್ತು.

ಹಾಗಾದರೆ ಇನ್ನೊಬ್ಬರ ಅನುಭವ ನಮಗೆ ಅರ್ಥವಾಗುವುದೇ ಇಲ್ಲವೇ? ಪೂರ್ತಿಯಾಗಿ ಆಗುವುದಿಲ್ಲ ಎಂದೇ ಈಗ ನಮಗೆ ತೋರುತ್ತದೆ. ಕೋಟದ ಆ ಮನೆಯಲ್ಲಿ ಅಂದು ರಾತ್ರಿ ಹಾಡು ನಿಂತ ಕ್ಷಣ ಹೇಗಿತ್ತು ಎಂಬುದನ್ನು ನಾವು ಊಹಿಸಬಹುದು, ಊಹೆ ನಮ್ಮದೇ ಮನೆಯ ಬಣ್ಣದಲ್ಲಿರುತ್ತದೆ. ಹಾಗೆಂದು ಕೈ ಕಟ್ಟಿ ಕೂರುವುದಕ್ಕೂ ಅದು ನೆಪವಾಗಬಾರದು. 'ನಿಮ್ಮದು ನಮಗೆ ಅರ್ಥವಾಗದು ಬಿಡಿ' ಎಂದು ನುಣುಚಿಕೊಳ್ಳುವುದು ಕೂಡ ಉಳ್ಳವರಿಗೇ ಸಾಧ್ಯ.

ಇಲ್ಲಿ ಒಂದು ಉದಾಹರಣೆ ನಮ್ಮ ಕಣ್ಣಮುಂದೆಯೇ ಇದೆ. ಕೊರಗರು ಪ್ರತಿವರ್ಷ ಆಗಸ್ಟ್ 18ರಂದು 'ಭೂಮಿ ಹಬ್ಬ' ಆಚರಿಸುತ್ತಾರೆ. 1993ರಲ್ಲಿ ಭೂಮಿಗಾಗಿ ಅವರು ನಡೆಸಿದ ಹೋರಾಟದ ನೆನಪು ಅದು. 1994ರಲ್ಲಿ ಅವರ ಸ್ಥಿತಿಗತಿಯ ಬಗ್ಗೆ ಒಂದು ವರದಿ ಬಂತು, ಡಾ. ಮುಹಮ್ಮದ್ ಪೀರ್ ವರದಿಯೆಂದು ಅದನ್ನು ಕರೆಯುತ್ತಾರೆ. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕು ಎಂಬುದು ಅದರ ಮುಖ್ಯ ಶಿಫಾರಸು. ಒಬ್ಬ ಮುಸ್ಲಿಮ್ ವಿದ್ವಾಂಸರ ಹೆಸರನ್ನು ಕೊರಗರು ಮೂರು ದಶಕಗಳಿಂದ ತಮ್ಮ ಮನವಿಗಳಲ್ಲಿ, ಘೋಷಣೆಗಳಲ್ಲಿ ಹೇಳುತ್ತಿದ್ದಾರೆ, ವರದಿ ಜಾರಿಯಾಗಲಿ ಎಂದು ಕೇಳುತ್ತಲೇ ಇದ್ದಾರೆ. ಇದು ನಮ್ಮ ಸಮುದಾಯದ ಎಷ್ಟು ಮಂದಿಗೆ ಗೊತ್ತಿದೆ? ನಮಗೇ ಗೊತ್ತಿರಲಿಲ್ಲ. ಆ ಹುಡುಗಿಯ ಮಾತಿನ ನಂತರ ಹುಡುಕಿ ಓದಿದ್ದು. ನಮಗೆ ಕಂಡದ್ದು ಇಷ್ಟು: ಕೊರಗರ ನೋವನ್ನು ಯಾರು ಎಷ್ಟು ಅರ್ಥಮಾಡಿಕೊಂಡರು ಎಂಬ ಪ್ರಮಾಣಪತ್ರ ಅವರಿಗೆ ಬೇಕಾಗಿಲ್ಲ. ಅವರು ಕೇಳುತ್ತಿರುವುದು ಎರಡೂವರೆ ಎಕರೆ. ಅದನ್ನು ಅಳೆಯಬಹುದು, ಕೊಡಬಹುದು, ಕೊಡಲಿಲ್ಲವೆಂದು ತೋರಿಸಬಹುದು. ನಮ್ಮ ಮಗಳಿಗೂ ಅಂದು ಬೇಕಾಗಿದ್ದದ್ದು ತಲೆ ನೇವರಿಸುವ ಕೈ ಅಲ್ಲ, ಒಳಗೆ ಹೋಗಲು ತೆರೆದ ಗೇಟು. ನೋವು ಪೂರ್ತಿ ಅರ್ಥವಾಗದಿದ್ದರೂ ಬೇಡಿಕೆ ಅರ್ಥವಾಗುತ್ತದೆ. ಅದಕ್ಕೆ ಕಿವಿ ಸಾಕು.

ಕಳೆದ ವರ್ಷ ನಾವಿಬ್ಬರೂ ಆ ಅಕ್ಕನ ಮನೆಗೆ ಹೋಗಿದ್ದೆವು. ಅವರು ನಿವೃತ್ತರಾಗಿ ಕೆಲವು ವರ್ಷಗಳಾಗಿವೆ. ಊರನ್ನು ಕೇಳಿ ತಿಳಿದು, ಎರಡು ಬಸ್ಸು ಬದಲಿಸಿ ಹೋದೆವು. ಕ್ಷಮೆ ಕೇಳಬೇಕೆಂದು ಹೊರಟಿದ್ದೆವು. ದಾರಿಯಲ್ಲಿ, ಕ್ಷಮಿಸುವ ಕೆಲಸವನ್ನೂ ಅವರ ತಲೆಗೇ ಹೊರಿಸುತ್ತಿದ್ದೇವಲ್ಲ ಎನಿಸಿತು. ಅವರು ನಮ್ಮನ್ನು ಒಳಗೆ ಕರೆದರು. ಇದ್ದ ಎರಡು ಕುರ್ಚಿಗಳಲ್ಲಿ ಕೂರಿಸಿದರು. ಚಹಾ ಕೊಟ್ಟರು. ಮಗ ಓದು ಮುಗಿಸಿದ್ದಾನೆ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ ಎಂದರು. ಕಾಲೇಜಿನ ಮೂರು ವರ್ಷ ದಿನಾ ನಾಲ್ಕು ಬಸ್ಸು ಹತ್ತಿ ಇಳಿದನಂತೆ. ನಾವು ತಡವರಿಸುತ್ತ ಆ ಕೋಣೆಯ ಮಾತು ಎತ್ತಿದೆವು.

'ಹೋ, ಅದಾ' ಎಂದರು. ನಮ್ಮ ಲೋಟಗಳನ್ನು ತೆಗೆದುಕೊಳ್ಳುತ್ತ ಕೇಳಿದರು: 'ಮತ್ತೆ, ನೆಂಟ್ರು ಬಂದ್ರಾ?'

ಆ ಪ್ರಶ್ನೆಯಲ್ಲಿ ಕುಟುಕಿತ್ತೋ, ಬರೀ ವಿಚಾರಣೆಯಿತ್ತೋ ನಮಗೆ ತಿಳಿಯಲಿಲ್ಲ. ಅವರ ಮುಖ ಎಂದಿನಂತೆಯೇ ಇತ್ತು. ಇಷ್ಟು ವರ್ಷ ದಿನಾ ನೋಡಿದ ಮುಖ. ಅದನ್ನು ಓದಲು ನಮಗೆ ಬರುತ್ತಿರಲಿಲ್ಲ. 'ಇಲ್ಲ ಅಕ್ಕ, ಯಾರೂ ಬರುವವರಿರಲಿಲ್ಲ' ಎಂದು ನಿಜ ಹೇಳಿದೆವು. ಅವರು ತಲೆಯಾಡಿಸಿ ಲೋಟ ತೊಳೆಯಲು ಒಳಗೆ ಹೋದರು.

ನಮ್ಮ ಹಿಂದಿನ ಕೋಣೆ ಸದ್ಯ ಖಾಲಿಯಿದೆ. ಈ ಬಾರಿ ಹಲಗೆ ಬರೆಸುವ ಮುಂಚೆ ಕೊರಗ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುವ ಗೆಳೆಯರೊಬ್ಬರಿಗೆ ಫೋನು ಮಾಡಿ, ಬಾಡಿಗೆ ಎಷ್ಟೆಂದು ತಿಳಿಸಿದೆವು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬಾಡಿಗೆಗಿರುವ ಕೋಣೆಯನ್ನು ಬಾಡಿಗೆಗೆ ಕೊಡುವುದು ಉಪಕಾರವೇನೂ ಅಲ್ಲವಲ್ಲ.